ತೂಗುಗೋಡೆ

ಗಣಿಯವರ ಮಾತಿನಲ್ಲಿ ತೂಗುಗೋಡೆ ಅಂದರೆ
ಅದಿರಿನ ಮೈಮೇಲೆ ಒರಗಿ ನಿಂತ ಬಂಡೆ.
ಅದಿರು ತೆಗೆದಷ್ಟೂ ಅದು ಜಾರುತ್ತದೆ,
ಅದು ಜಾರಿದಷ್ಟೂ ಮೇಲೆ ಬೀದಿಗಳು ಬಿರಿಯುತ್ತವೆ.
ಅದಕ್ಕೇ ಕಿರುನಾ ಊರನ್ನು
ಎತ್ತಿ ಆಚೆಗಿಡುತ್ತಿದ್ದಾರೆ.
ಗಡಿಯಾರದ ಗೋಪುರ ಹೋಯಿತು,
ಚರ್ಚು ಗಾಲಿ ಕಟ್ಟಿಕೊಂಡು ಹೋಯಿತು.
ನಮ್ಮ ಮೊದಲ ಆಲ್ಬಂಗೂ ಅದೇ ಹೆಸರಿಟ್ಟೆವು.

ನಾವು ನಾಲ್ವರು.
ಗಿಟಾರಿಗೆ ಸಿಗ್ನೆ, ಡ್ರಮ್ಮಿಗೆ ಎಸ್ಕಿಲ್,
ಕೂಗುವುದಕ್ಕೆ ಇಂಗಾ-ಮಾರೆಟ್.
ಸದ್ದು ಕದಿಯುವುದು ನನ್ನ ಪಾಲು.

ಕೆಡವಲು ಗುರುತು ಬಿದ್ದ ಕಟ್ಟಡದ ನೆಲಮಾಳಿಗೆ,
ಬಟ್ಟೆ ಒಗೆಯುವ ಕೋಣೆ. ಗೋಡೆಯ ಹಲಗೆಗೆ
ಇನ್ನೂ ತಗುಲಿಕೊಂಡಿವೆ ಸರದಿಯ ಪುಟ್ಟ ಬೀಗಗಳು:
ಮಂಗಳವಾರ, ಏಳರಿಂದ ಹತ್ತು, ಸ್ಟೋಲ್ನಾಕೆ.
ಉಕ್ಕಿನ ಕತ್ತು ಅಂತ ಅರ್ಥ ಆ ಮನೆತನದ ಹೆಸರಿಗೆ.
ಅವರು ಹೊಸ ಊರಿಗೆ ಹೋಗಿ ವರ್ಷವಾಯಿತು,
ಅವರ ಸರದಿಯಲ್ಲಿ ಈಗ ನಾವು ಒಗೆಯುತ್ತೇವೆ.

ರಾತ್ರಿ ಒಂದೂವರೆಗೆ ನೆಲದಡಿ ಸಿಡಿಮದ್ದು.
ಕಪಾಟಿನಲ್ಲಿ ಲೋಟಗಳಿಗೆ ಮಾತ್ರ ಎಚ್ಚರ.
ಹುಟ್ಟಿದಾಗಿನಿಂದ ಕೇಳಿದವರು
ಮಗ್ಗುಲು ಬದಲಿಸುತ್ತಾರೆ, ಅಷ್ಟೆ.
ಮೈಕನ್ನು ನೆಲದ ಸಿಮೆಂಟಿಗೆ ಅಂಟಿಸಿ
ಹನ್ನೊಂದು ರಾತ್ರಿ ಕಾದೆವು.
ಒಮ್ಮೆ ಸಿಗ್ನೆ ಸೀನಿದಳು. ಒಮ್ಮೆ ಹಿಮ ಗೋರುವ ಗಾಡಿ ಬಂತು.
ಒಮ್ಮೆ ಎಲ್ಲ ಸರಿಯಿತ್ತು, ಗಣಿಗೆ ರಜೆ.
ಹನ್ನೆರಡನೆಯ ರಾತ್ರಿ ಎಸ್ಕಿಲ್
ಕೋಲು ಎತ್ತಿ ಹಿಡಿದು ಹಾಗೇ ಕೂತ.
ಮೊದಲ ಪೆಟ್ಟು ಅವನದಲ್ಲ,
ಸಾವಿರ ಮೀಟರು ಕೆಳಗಿನದು.
ಎರಡನೆಯದು ಅವನದು.

ಇಂಗಾ-ಮಾರೆಟ್ ಕೂಗಿದ್ದು ಪದ್ಯವಲ್ಲ.
ಕಂಪನಿಯಿಂದ ಅವಳ ಮನೆಗೆ ಬಂದ ಪರಿಹಾರದ ಪತ್ರ,
ಚದರ ಮೀಟರುಗಳ ಸಮೇತ, ದಾಖಲೆ ಸಂಖ್ಯೆಯ ಸಮೇತ,
'ವಿಶ್ವಾಸಪೂರ್ವಕವಾಗಿ' ಎಂಬಲ್ಲಿ
ಗಂಟಲು ಒಡೆಯಿತು. ಅದನ್ನು ತಿದ್ದಲಿಲ್ಲ.

ಮೂರನೆಯ ಹಾಡಿಗೆ ಬೇಕಾದ ಕಿರುಚು
ನನಗೆ ಸಿಕ್ಕಿದ್ದು ಬೇಲಿಯ ಆಚೆ,
ಗಣಿಗೆ ಗಾಳಿ ಊದುವ ದೊಡ್ಡ ಫ್ಯಾನಿನಲ್ಲಿ.
ಸುತ್ತಿಗೊಮ್ಮೆ ಕೀರುತ್ತಿತ್ತು,
ಗಿಟಾರಿಗಿಂತ ಒಂದು ಕೂದಲೆಳೆ ಮೇಲಿನ ಶ್ರುತಿಯಲ್ಲಿ.
ಸಿಗ್ನೆ ತಂತಿಗಳನ್ನೆಲ್ಲ ಅದಕ್ಕೇ ಬಿಗಿದಳು.

ಜನವರಿ. ಮೈನಸ್ ಮೂವತ್ತೊಂದು.
ಅಪ್ಪ ಕಾರಿನಲ್ಲಿ ಕೂತು, ಎಂಜಿನ್ ಆರಿಸದೆ,
ನಲವತ್ತೊಂದು ನಿಮಿಷ ಪೂರ್ತಿ ಕೇಳಿದ.
ಗಣಿಯಲ್ಲಿ ಇಪ್ಪತ್ತೆರಡು ವರ್ಷದ ಫಿಟ್ಟರ್.
ಕಬ್ಬಿಣವೇ ಅವನ ಕಸುಬು, ಆದರೂ
ನಮ್ಮದು ಅವನಿಗೆ ಕಬ್ಬಿಣದ ಕಡಲೆ;
ಅಗಿದ. ಉಗುಳಲಿಲ್ಲ.
ಮನೆಯೊಳಗೆ ಬಂದು, ಟೋಪಿ ತೆಗೆಯುವ ಮೊದಲೇ:
'ಮೂರನೆಯದರಲ್ಲಿ ಕೀರುತ್ತಲ್ಲ, ಯಾವ ಫ್ಯಾನು ಅದು?'
ಹೇಳಿದೆ. 'ಬೇರಿಂಗ್ ಹೋಗಿದೆ' ಎಂದ.
ಹೇಗಿದೆ, ಎಂದು ಕೇಳಿದೆ.
'ಹೋಗಿದೆ ಅಂದೆನಲ್ಲ.'

ಸೋಮವಾರ ಬದಲಿಸಿದ.
ಮರುದಿನ ಬೇಲಿಯ ಬಳಿ ನಿಂತು ಕಿವಿಗೊಟ್ಟೆ:
ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು.
ಆ ಕಿರುಚು ಈಗ
ನೂರಾ ಐವತ್ತು ಕ್ಯಾಸೆಟ್ಟುಗಳಲ್ಲಿ ಮಾತ್ರ ಇದೆ,
ಅದರಲ್ಲೂ ಎಂಬತ್ತು ನನ್ನ ಮಂಚದ ಕೆಳಗೆ.

ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದ ಹಳೆಯ ಬೇರಿಂಗನ್ನು
ಅಪ್ಪ ಊಟದ ಮೇಜಿನ ಮೇಲಿಟ್ಟ.
'ತಗೋ, ನಿಮ್ಮ ಹಾಡುಗಾರ.'
ತಿರುಗಿಸಿ ನೋಡಿದೆ. ಒಳಬಳೆಯಲ್ಲಿ
ಎಳ್ಳಿನಷ್ಟು ಒಂದು ಗುಳಿ.
ಅಷ್ಟೇ. ಅಷ್ಟರಿಂದ ಅಷ್ಟು ಕೂಗು.

ಏಪ್ರಿಲ್‌ನಲ್ಲಿ ಕಟ್ಟಡ ಕೆಡವಿದರು. ನಾನು ಹೋಗಲಿಲ್ಲ.
ಸಿಗ್ನೆ ಹೋಗಿ ಒಂದು ಬೀಗ ಕಿತ್ತು ತಂದಳು,
ಮಂಗಳವಾರದ್ದು, ಕೀಲಿಯಿಲ್ಲ.
ಎಸ್ಕಿಲ್ ಈಗ ಹೊಸ ಊರಿನಲ್ಲಿ ಮಲಗುತ್ತಾನೆ.
ಅಲ್ಲಿಯ ಗೋಡೆ ಗಟ್ಟಿ, ಲೋಟ ಅಲುಗುವುದಿಲ್ಲ.
ಒಂದೂವರೆಗೆ ಸರಿಯಾಗಿ
ಎಚ್ಚರವಾಗುತ್ತದಂತೆ ಅವನಿಗೆ,
ಏನೂ ಕೇಳದೆ.